ಕ್ಷಮೆ ಕೇಳಿ ನಮ್ಮ ಊರು ಕೆಡಿಸಿದ ರೆಫರಿಯವರಿಗೆ

ಮಾನ್ಯರೇ,

ಮೊದಲಿಗೆ ತಮ್ಮ ಎಪ್ಪತ್ತೆಂಟನೆಯ ಹುಟ್ಟುಹಬ್ಬಕ್ಕೆ ಶುಭಾಶಯಗಳು, ತಮ್ಮ ಮೊಣಕಾಲುಗಳಿಗೆ ಗೌರವಪೂರ್ವಕ ವಂದನೆಗಳು, ಮತ್ತು ಮೂವತ್ತನಾಲ್ಕು ವರ್ಷಗಳ ಹಿಂದೆ ನಮ್ಮ ಊರಿನ ಗಾಳಿಯನ್ನೇ ಎದೆ ತುಂಬ ಎಳೆದುಕೊಂಡು ನಮ್ಮ ವಿರುದ್ಧವೇ ಸೀಟಿ ಊದಿದ ತಮ್ಮ ಶ್ವಾಸಕೋಶಗಳು ಇಂದಿಗೂ ಗಟ್ಟಿಮುಟ್ಟಾಗಿರಲೆಂಬ ಹೃತ್ಪೂರ್ವಕ ಹಾರೈಕೆ. ನಮ್ಮ ಊರಿನಲ್ಲಿ ತಮ್ಮನ್ನು ಇಷ್ಟು ವರ್ಷ ಹಲವಾರು ಹೆಸರುಗಳಿಂದ ನೆನೆಯಲಾಗಿದೆ. ಅವುಗಳಲ್ಲಿ ಒಂದನ್ನೂ ಅಚ್ಚು ಮಾಡಲು ಈ ವಾರಪತ್ರಿಕೆಯ ಸಂಪಾದಕರು ಒಪ್ಪಲಿಲ್ಲವಾದ್ದರಿಂದ 'ಮಾನ್ಯರೇ' ಎಂಬ ಬಡಪಾಯಿ ಪದವನ್ನೇ ಬಳಸಿದ್ದೇನೆ. ಕೊರತೆಯನ್ನು ಮನ್ನಿಸಬೇಕು.

ನಾನು ಯಾರೆಂದು ತಮಗೆ ಹೇಳಬೇಕಾಗಿಲ್ಲ. ಆದರೆ ಪತ್ರ ಬಹಿರಂಗವಾದದ್ದರಿಂದ, ಹೊಸದಾಗಿ ಊರಿಗೆ ಬಂದವರಿಗಾಗಿ ಹೇಳುತ್ತೇನೆ: ಆ ದಿನ ಎಂಬತ್ತೆಂಟನೆಯ ನಿಮಿಷದಲ್ಲಿ ಚೆಂಡನ್ನು ಎದೆಗವಚಿಕೊಂಡು ನೆಲದ ಮೇಲೆ ಬಿದ್ದಿದ್ದ ಗೋಲ್‌ಕೀಪರ್ ನಾನೇ. ಈಗ ನನಗೆ ಅರವತ್ತೊಂದು. ಬಸ್ ನಿಲ್ದಾಣದ ಎದುರು ಕನ್ನಡಕದ ಅಂಗಡಿ ಇಟ್ಟಿದ್ದೇನೆ. ಬೋರ್ಡಿನ ಮೇಲೆ 'ಗೆರೆ ಕಾಣಿಸುತ್ತಿಲ್ಲವೇ? ಒಳಗೆ ಬನ್ನಿ' ಎಂದು ಬರೆಸಿದ್ದೇನೆ. ಇದು ತಮ್ಮನ್ನು ಉದ್ದೇಶಿಸಿ ಬರೆದದ್ದಲ್ಲ ಎಂದು ಹೇಳಿದರೆ ತಾವು ನಂಬುವುದಿಲ್ಲ, ನಾನು ಹೇಳುವುದೂ ಇಲ್ಲ.

ನನ್ನ ದೂರು ತಮ್ಮ ಸೀಟಿಯ ಬಗ್ಗೆ ಅಲ್ಲ. ತಮ್ಮ ಕ್ಷಮಾಪಣೆಯ ಬಗ್ಗೆ.

ಕಳೆದ ತಿಂಗಳು ಒಂಬತ್ತನೆಯ ತಾರೀಖು ಬೆಳಿಗ್ಗೆ ತಾವು ರೇಡಿಯೋದಲ್ಲಿ ಮಾತಾಡಿದಿರಿ. ಸಂದರ್ಶನ ಮಾಡುತ್ತಿದ್ದ ಹೆಣ್ಣುಮಗಳು ತಮ್ಮ ಜೀವನದಲ್ಲಿ ಬೇಸರದ ಸಂಗತಿ ಯಾವುದಾದರೂ ಇದೆಯೇ ಎಂದು ಕೇಳಿದಾಗ, ಹೆಂಡತಿಯ ಕಾಯಿಲೆಯನ್ನೋ, ಕಳೆದುಹೋದ ಗೆಳೆಯನನ್ನೋ ಹೇಳಬಹುದಾಗಿದ್ದ ತಾವು, ನಮ್ಮ ಊರಿನ ಹೆಸರು ಹೇಳಿದಿರಿ. "ಚೆಂಡು ಗೆರೆ ದಾಟಿದ್ದನ್ನ ನಾನು ನೋಡಿರಲಿಲ್ಲಮ್ಮ. ಲೈನ್ಸ್‌ಮನ್ ಕಾಲು ಜಾರಿ ಬಿದ್ದಿದ್ದರು. ನಾನು ಆ ಗೋಲ್‌ಕೀಪರ್ ಮುಖ ನೋಡಿ ಸೀಟಿ ಊದಿದೆ. ಮುಖ ನೋಡಿ ಗೋಲು ಕೊಡಬಾರದು. ಆ ಊರಿನವರು ನನ್ನನ್ನ ಕ್ಷಮಿಸಬೇಕು" ಎಂದಿರಿ. ಆಮೇಲೆ, ಕಣ್ಣು ಕಾಣದವರೆಂದು ಹಂಗಿಸಲು ನಮ್ಮ ಊರಿನವರು ಅಂಚೆಯಲ್ಲಿ ತಮಗೆ ಕಳಿಸಿದ ಹಳೆಯ ಕನ್ನಡಕಗಳ ಬಗ್ಗೆ ಹೇಳಿದಿರಿ. ಇನ್ನೂರ ಹನ್ನೆರಡು ಜೊತೆ, ಎಲ್ಲವೂ ಈಗಲೂ ಒಂದು ಟ್ರಂಕಿನಲ್ಲಿವೆ, ಒಂದೊಂದನ್ನೂ ಹಾಕಿಕೊಂಡು ನೋಡಿದ್ದೀರಿ, ಯಾವುದರಲ್ಲೂ ಆ ಚೆಂಡು ಕಾಣಿಸಲಿಲ್ಲ ಎಂದು ನಕ್ಕಿರಿ. ನಾನು ಅಂಗಡಿಯ ಶೆಟರ್ ಅರ್ಧ ಎತ್ತಿದ್ದೆ. ಅದನ್ನು ಹಾಗೆಯೇ ಹಿಡಿದುಕೊಂಡು, ತಮ್ಮ ಸಂದರ್ಶನ ಮುಗಿಯುವವರೆಗೆ ಬಗ್ಗಿ ನಿಂತಿದ್ದೆ.

ಮಾನ್ಯರೇ, ಕ್ಷಮೆ ಕೇಳುವ ಅಧಿಕಾರವನ್ನು ತಮಗೆ ಕೊಟ್ಟವರು ಯಾರು? ಒಂದು ಊರಿನ ಇಡೀ ಬದುಕು ತಮ್ಮ ತಪ್ಪಿನ ಮೇಲೆ ನಿಂತಿರುವಾಗ, ಆ ಊರಿನವರನ್ನು ಒಂದು ಮಾತೂ ಕೇಳದೆ ಅದನ್ನು ಹಿಂತೆಗೆದುಕೊಳ್ಳುವುದು ಯಾವ ನ್ಯಾಯ? ತಮಗೆ ವಿಷಯದ ಗಾಂಭೀರ್ಯ ಅರ್ಥವಾಗಬೇಕಾದರೆ ನಮ್ಮ ಕ್ಲಬ್ಬಿನ ಚರಿತ್ರೆಯನ್ನು ಸ್ವಲ್ಪ ಹೇಳಲೇಬೇಕು.

ಎಪ್ಪತ್ತೊಂದು ವರ್ಷಗಳ ಹಿಂದೆ ಸಾಬೂನು ಕಾರ್ಖಾನೆಯ ಕೆಲಸಗಾರರು ಊಟದ ಬಿಡುವಿನಲ್ಲಿ ಒದೆಯಲು ಶುರುಮಾಡಿದ ಚೆಂಡು ನಮ್ಮದು. ಕಾರ್ಖಾನೆಯ ಮಾಲೀಕರು, ಇವರು ಒದೆಯುವುದನ್ನು ನಿಲ್ಲಿಸುವುದಿಲ್ಲವೆಂದು ಗೊತ್ತಾದ ಮೇಲೆ, ಇವರಿಗೆ ಒದೆಯುವುದಕ್ಕೇ ಸಂಬಳ ಕೊಟ್ಟು, ಒದೆಯಲು ಬಾರದವರನ್ನು ಸಾಬೂನು ಕತ್ತರಿಸಲು ಇಟ್ಟುಕೊಂಡರು. ಹೀಗೆ ನಮ್ಮದು ವೃತ್ತಿಪರ ಕ್ಲಬ್ ಆಯಿತು. ಕಾರ್ಖಾನೆಯ ನೀರು ಮೈದಾನದ ಪಕ್ಕದ ಕಾಲುವೆಯಲ್ಲಿ ಹರಿಯುತ್ತಿತ್ತು, ಆಗಾಗ ಉಕ್ಕಿ ಹುಲ್ಲಿನ ಮೇಲೂ ಹರಿಯುತ್ತಿತ್ತು. ಹೊರಗಿನ ತಂಡಗಳು ನಮ್ಮ ಮೈದಾನಕ್ಕೆ ಕಾಲಿಟ್ಟ ಕೂಡಲೇ ಜಾರಿ ಬೀಳುತ್ತಿದ್ದವು. ನಮ್ಮವರು ನಡೆಯಲು ಕಲಿತದ್ದೇ ಆ ನೆಲದ ಮೇಲಾದ್ದರಿಂದ ನಮಗೆ ಜಾರುವುದೂ ಒಂದು ಬಗೆಯ ಓಟವಾಗಿತ್ತು. ನಮ್ಮನ್ನು 'ನೊರೆ' ಎಂದು ಹಂಗಿಸುತ್ತಿದ್ದರು. ನಾವು ಅದನ್ನೇ ಅಂಗಿಯ ಮೇಲೆ ಹೊಲಿಸಿಕೊಂಡೆವು. ಸೋತರೂ ಗೆದ್ದರೂ ಬೆವರಿನ ಬದಲು ಸುವಾಸನೆ ಬೀರುತ್ತ ಮನೆಗೆ ಹೋಗುತ್ತಿದ್ದ ತಂಡ ಇಡೀ ಲೀಗಿನಲ್ಲಿ ನಮ್ಮದೊಂದೇ.

ಮೂವತ್ತಾರು ವರ್ಷ ಮೂರನೆಯ ದರ್ಜೆಗೂ ಎರಡನೆಯ ದರ್ಜೆಗೂ ನಡುವೆ ಮೆಟ್ಟಿಲು ಹತ್ತಿ ಇಳಿದು, ಮೂವತ್ತೇಳನೆಯ ವರ್ಷ, ಹೇಗೋ ಏನೋ, ನಾವು ಮೊದಲ ದರ್ಜೆಗೆ ಏರಿಬಿಟ್ಟೆವು. ಆ ತಂಡದ ನಾಯಕ ಕಂಬಣ್ಣ. ನನಗಿಂತ ಮೂರು ವರ್ಷ ದೊಡ್ಡವರು. ಗೋಲಿನ ಮುಂದೆ ನಿಂತರೆ ಅಲ್ಲಾಡುತ್ತಿರಲಿಲ್ಲವಾದ್ದರಿಂದ ಆ ಹೆಸರು. ಮೊದಲ ದರ್ಜೆಯಲ್ಲಿ ನಾವು ಒಂದೇ ಒಂದು ವರ್ಷ ಇದ್ದೆವು. ಆ ವರ್ಷದ ಕೊನೆಯ ಪಂದ್ಯ ನಮ್ಮ ಮೈದಾನದಲ್ಲೇ. ಸೋಲದಿದ್ದರೆ ಸಾಕು, ಮೊದಲ ದರ್ಜೆಯಲ್ಲಿ ಉಳಿಯುತ್ತಿದ್ದೆವು. ಒಂದಕ್ಕೊಂದು ಸಮ ಇತ್ತು. ಎರಡು ನಿಮಿಷ ಬಾಕಿ. ಎದುರಿನವರ ಕಾರ್ನರ್, ಅವರ ಉದ್ದನೆಯ ಮುಂಚೂಣಿ ಆಟಗಾರನ ತಲೆ, ಚೆಂಡು ನನ್ನ ಹಿಂದೆ, ನಾನು ಹಿಂದಕ್ಕೆ ಹಾರಿ ಹಿಡಿದು ಬಿದ್ದೆ. ಅದನ್ನು ನೋಡಬೇಕಾಗಿದ್ದ ಲೈನ್ಸ್‌ಮನ್ ನಮ್ಮ ಕಾಲುವೆಯ ನೊರೆಯ ಮೇಲೆ ಮಲಗಿ ಆಕಾಶ ನೋಡುತ್ತಿದ್ದರು. ಮೂವತ್ತೇಳು ವರ್ಷ ನಮ್ಮ ಪರವಾಗಿ ಆಡಿದ ಸಾಬೂನು ಆ ಒಂದು ಗಳಿಗೆಯಲ್ಲಿ ಕೈಕೊಟ್ಟಿತು.

ತಾವು ಸೀಟಿ ಊದಿ ಮಧ್ಯದ ವೃತ್ತದ ಕಡೆ ಕೈ ತೋರಿಸಿದಿರಿ. ಗೋಲು. ನಾವು ಕೆಳಗಿಳಿದೆವು.

ಕಂಬಣ್ಣ ಓಡಿಬಂದು ತಮ್ಮ ಎದೆಗೆ ಕೈ ಹಾಕಿ ಕೆಡವಿದ್ದು ತಮಗೆ ನೆನಪಿರುತ್ತದೆ. ಅವರಿಗೆ ಎರಡು ವರ್ಷ ನಿಷೇಧವಾಯಿತು. ನಿಷೇಧ ಮುಗಿಯುವ ಹೊತ್ತಿಗೆ ಅವರ ಮೊಣಕಾಲುಗಳೂ ಮುಗಿದಿದ್ದವು. ತಮ್ಮನ್ನೂ ಮುಂದಿನ ವರ್ಷ ಮೊದಲ ದರ್ಜೆಯ ಪಂದ್ಯಗಳಿಂದ ಕೈಬಿಟ್ಟರೆಂದು ಕೇಳಿದ್ದೇನೆ. ನಮ್ಮ ಊರು ಆ ಸುದ್ದಿಗೆ ಪಟಾಕಿ ಹೊಡೆಯಿತು.

ಆದರೆ ಮಾನ್ಯರೇ, ತಾವು ಕಿತ್ತುಕೊಂಡದ್ದು ಒಂದು ದರ್ಜೆ. ಕೊಟ್ಟದ್ದನ್ನು ಲೆಕ್ಕ ಹಾಕಲು ಸಾಧ್ಯವಿಲ್ಲ. ಮೊದಲ ದರ್ಜೆಯಲ್ಲಿ ಉಳಿದಿದ್ದರೆ ನಾವು ಹತ್ತರಲ್ಲಿ ಒಬ್ಬರಾಗಿ, ಯಾರಿಗೂ ನೆನಪಿಲ್ಲದ ಹಾಗೆ ಬದುಕುತ್ತಿದ್ದೆವು. ತಮ್ಮ ಸೀಟಿಯಿಂದ ನಾವು ಅನ್ಯಾಯಕ್ಕೊಳಗಾದವರಾದೆವು. ಅನ್ಯಾಯಕ್ಕೊಳಗಾದವನ ಬೆನ್ನು ಎಷ್ಟು ನೆಟ್ಟಗಿರುತ್ತದೆಂದು ತಮಗೆ ಗೊತ್ತೇ? ನಮ್ಮ ಊರಿನ ವೈದ್ಯರನ್ನು ಕೇಳಿ, ಮೂವತ್ತನಾಲ್ಕು ವರ್ಷಗಳಲ್ಲಿ ಬೆನ್ನುನೋವೆಂದು ಬಂದವರು ಕಡಿಮೆ. ಪ್ರತಿ ವರ್ಷ ಆ ತಾರೀಖಿನಂದು 'ಅನ್ಯಾಯದ ದಿನ' ಎಂದು ನಾವೇ ನಮ್ಮೊಳಗೆ ಒಂದು ಪಂದ್ಯ ಆಡುತ್ತೇವೆ. ವರ್ಷದ ಉಳಿದ ಪಂದ್ಯಗಳಿಗೆ ಬಾರದವರೂ ಅದಕ್ಕೆ ಬರುತ್ತಾರೆ. ಎಂಬತ್ತೆಂಟನೆಯ ನಿಮಿಷಕ್ಕೆ ಆಟ ನಿಲ್ಲಿಸಿ ಎಲ್ಲರೂ ಎದ್ದುನಿಂತು "ದಾಟಿಲ್ಲ! ದಾಟಿಲ್ಲ! ದಾಟಿಲ್ಲ!" ಎಂದು ಮೂರು ಸಲ ಕೂಗುತ್ತಾರೆ. ಆ ಕೂಗನ್ನು ಶುರುಮಾಡುವವರು ನನ್ನ ಚಿಕ್ಕಪ್ಪ. ಸಾಬೂನು ಕತ್ತರಿಸುವ ಕೆಲಸದಲ್ಲಿದ್ದು ನಿವೃತ್ತರಾದವರು, ಮನೆಯಲ್ಲಿ ಚಿಕ್ಕಮ್ಮನ ಎದುರು ಒಂದು ಮಾತೂ ಆಡದವರು, ವರ್ಷಕ್ಕೊಂದು ಸಲ ಪ್ರೇಕ್ಷಕರ ಸಾಲಿನ ಮೇಲಿನ ಮೆಟ್ಟಿಲ ಮೇಲೆ ನಿಂತು ಇಡೀ ಊರಿಗೆ ದನಿ ಕೊಡುತ್ತಿದ್ದರು. ಆ ದಿನ ಅವರ ಕುತ್ತಿಗೆಯ ನರಗಳು ಉಬ್ಬಿ ನಿಂತದ್ದನ್ನು ನೋಡಿ ಚಿಕ್ಕಮ್ಮ ಹೆಮ್ಮೆಯಿಂದ ಪಕ್ಕದವರನ್ನು ತಿವಿಯುತ್ತಿದ್ದರು.

ಇದೆಲ್ಲವೂ ತಮ್ಮ ಸಂದರ್ಶನದೊಂದಿಗೆ ಮುಗಿಯಿತು.

ಮೊದಲ ದಿನ ಊರು ಕುಣಿಯಿತು, ಸುಳ್ಳು ಹೇಳುವುದಿಲ್ಲ. ಕ್ಷೌರಿಕ ಆ ದಿನ ಬಂದವರಿಗೆಲ್ಲ ಪುಕ್ಕಟೆ ಕ್ಷೌರ ಮಾಡಿದ. ಸಂಜೆಯೊಳಗೆ ಊರಿನ ಗಂಡಸರೆಲ್ಲ ಒಂದೇ ಬಗೆಯ ತಲೆ ಹೊತ್ತುಕೊಂಡು ತಿರುಗಿದರು. ಎರಡನೆಯ ದಿನ ಸ್ವಲ್ಪ ಕಡಿಮೆ ಕುಣಿಯಿತು. ಮೂರನೆಯ ವಾರ ನಮ್ಮ ತಂಡ ಪಕ್ಕದ ಊರಿನ ಎದುರು ನಾಲ್ಕು ಗೋಲು ತಿಂದು ಸೋತಾಗ, ಎಂದಿನಂತೆ ಯಾರಾದರೂ "ಎಲ್ಲಾ ಆ ರೆಫರಿಯಿಂದ ಶುರುವಾದದ್ದು" ಎನ್ನಬೇಕಿತ್ತು. ಯಾರೂ ಅನ್ನಲಿಲ್ಲ. ಜನ ಮೆಟ್ಟಿಲುಗಳ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲ ಬಾರಿಗೆ, ನಮ್ಮ ತಂಡ ಆಡುವುದನ್ನು ಅವರು ನಿಜವಾಗಿ ನೋಡಿದರು. ಆ ನೋಟ ಯಾವ ಊರಿಗೂ ಬೇಡ. ಚಿಕ್ಕಪ್ಪ ಆ ದಿನ ಅರ್ಧಕ್ಕೇ ಎದ್ದುಹೋದರು. ಆಮೇಲೆ ಮನೆಯ ಜಗಲಿಯಲ್ಲಿ ಕೂತು, ಬಾಗಿಲ ಚಿಲಕಕ್ಕೆ ಎಣ್ಣೆ ಹಾಕುವುದು, ಒರೆಸುವುದು, ಮತ್ತೆ ಎಣ್ಣೆ ಹಾಕುವುದು ಮಾಡುತ್ತಿದ್ದಾರೆಂದು ಚಿಕ್ಕಮ್ಮ ಹೇಳಿದರು.

ಇಷ್ಟಕ್ಕೇ ನಿಂತಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ನಮ್ಮ ಕ್ಲಬ್ಬಿನ ಅಧ್ಯಕ್ಷರಿದ್ದಾರೆ, ಕಾರ್ಖಾನೆ ಮಾಲೀಕರ ಮೊಮ್ಮಗ. ಅವರಿಗೆ ಮೂರು ತಿಂಗಳಿಗೊಂದು ಐಡಿಯಾ ಬರುತ್ತದೆ, ಬಂದಾಗ ಕಾರ್ಖಾನೆಯ ಚಿಮಣಿಗಿಂತ ಹೆಚ್ಚು ಹೊಗೆ ಅವರ ತಲೆಯಿಂದ ಏಳುತ್ತದೆ. ತಮ್ಮ ಕ್ಷಮಾಪಣೆ ಕೇಳಿದ್ದೇ ತಡ, ಮೈದಾನದ ಬಾಗಿಲಲ್ಲಿ ಒಂದು ಪ್ರತಿಮೆ ನಿಲ್ಲಿಸಬೇಕೆಂದು ತೀರ್ಮಾನಿಸಿದರು. ನಿಲ್ಲಿಸುವುದೆಂದರೆ ತಪ್ಪಾಗುತ್ತದೆ, ಮಲಗಿಸುವುದು. ನನ್ನ ಪ್ರತಿಮೆ. ಚೆಂಡನ್ನು ಗೆರೆಯ ಮೇಲೇ ಹಿಡಿದು ಮಲಗಿದ, ನಿಷ್ಕಳಂಕ, ಕಂಚಿನ ನಾನು. ಕೆಳಗೆ 'ದಾಟಿಲ್ಲ' ಎಂಬ ಒಂದೇ ಪದ. ಅನಾವರಣಕ್ಕೆ ಮುಖ್ಯ ಅತಿಥಿ ತಾವೇ ಎಂದೂ, ತಮ್ಮ ಕೈಯಿಂದಲೇ ಬಟ್ಟೆ ಸರಿಸಬೇಕೆಂದೂ ಆಮಂತ್ರಣ ಬಂದಿರುತ್ತದೆ.

ಶಿಲ್ಪಿ ನನ್ನ ಅಂಗಡಿಗೇ ಬಂದರು. ಸಣ್ಣ ಮನುಷ್ಯ, ಜೇಬಿನ ತುಂಬ ಪೆನ್ಸಿಲು, ಕೈಯಲ್ಲಿ ಟೇಪು. ಆ ದಿನದ ಒಂದೇ ಒಂದು ಫೋಟೋ ಇದೆ, ಊರಿನ ಪ್ರತಿ ಅಂಗಡಿಯಲ್ಲೂ ಅದು ನೇತಾಡುತ್ತದೆ. ಅದರಲ್ಲಿ ಕಂಬಣ್ಣನ ಕಾಲು ಗೆರೆಗೂ ನನ್ನ ಮುಖಕ್ಕೂ ಅಡ್ಡ ಬಂದಿದೆ. ಆ ಕಾಲಿಗೆ ನಾನು ಎಷ್ಟು ಋಣಿ ಎಂದು ನನಗೊಬ್ಬನಿಗೇ ಗೊತ್ತಿತ್ತು. ಶಿಲ್ಪಿಗೆ ಮುಖ ಬೇಕಿತ್ತು. "ಮಲಗಿ ಸಾರ್, ಆವತ್ತು ಹೆಂಗೆ ಬಿದ್ರೋ ಹಂಗೇ" ಎಂದರು. ನಾನು ಅಂಗಡಿಯ ನೆಲದ ಮೇಲೆ, ಕನ್ನಡಕದ ಗಾಜಿನ ಕಪಾಟುಗಳ ನಡುವೆ, ಕೈಯಲ್ಲೊಂದು ದಿಂಬು ಹಿಡಿದು ಬಿದ್ದುಕೊಂಡೆ. ಗಿರಾಕಿಯೊಬ್ಬರು ಒಳಗೆ ಬಂದು, ನೋಡಿ, ಹಾಗೇ ಹೊರಗೆ ಹೋದರು. "ಮೊಣಕೈ ಎಲ್ಲಿತ್ತು ಸಾರ್? ಗೆರೆಯಿಂದ ಈಚೆಗೋ ಆಚೆಗೋ?" ಎಂದು ಶಿಲ್ಪಿ ಕೇಳಿದರು. ನಾನು ಈಚೆಗೆ ಎಂದೆ. "ಹಾಗಾದ್ರೆ ಮುಖ ಮಾಡಿ, ಚೆಂಡು ಉಳಿಸಿಕೊಂಡವನ ಮುಖ."

ನಾನು ಮುಖ ಮಾಡಿದೆ. ಗಲ್ಲಾದ ಹಿಂದೆ ಕೂತು ಫ್ರೇಮಿಗೆ ಸ್ಕ್ರೂ ಹಾಕುತ್ತಿದ್ದ ನನ್ನ ಹೆಂಡತಿ ತಲೆ ಎತ್ತಿ ನೋಡಿ, "ರೀ, ಆ ಮುಖ ಬೇಡ" ಎಂದಳು.

"ಯಾಕೆ?"

"ಅದು ಅಂಗಡಿಗೆ ಬೀಗ ಹಾಕಿದೀನಿ ಅಂತ ಸುಳ್ಳು ಹೇಳೋ ಮುಖ. ಇಪ್ಪತ್ತೆಂಟು ವರ್ಷದಿಂದ ನೋಡ್ತಿದೀನಿ, ನಂಗೆ ಗೊತ್ತಾಗಲ್ವಾ?"

ಶಿಲ್ಪಿ ನಕ್ಕರು. ಅವಳು ನಗಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು, ನಾನು ಇನ್ನೊಂದು ಮುಖ ಮಾಡುತ್ತೇನೇನೋ ಎಂದು ಕಾಯುತ್ತ ಕೂತಳು. ನನ್ನ ಹತ್ತಿರ ಇನ್ನೊಂದು ಮುಖ ಇರಲಿಲ್ಲ. ಸೊಂಟ ಹಿಡಿಯಿತೆಂದು ಹೇಳಿ ಶಿಲ್ಪಿಯನ್ನು ಕಳಿಸಿದೆ. ಆತ ಹೋದ ಮೇಲೂ ನಾನು ನೆಲದ ಮೇಲೇ ಇದ್ದೆ. ಅವಳು ಬಾಗಿಲಿಗೆ ಬಂದು 'ಮುಚ್ಚಿದೆ' ಎಂಬ ಹಲಗೆ ತಿರುಗಿಸಿ, ನನ್ನ ಪಕ್ಕದಲ್ಲಿ ನೆಲಕ್ಕೆ ಕೂತು, "ಹೇಳ್ರಿ" ಎಂದಳು. ಅಷ್ಟೇ.

ಹೇಳಿದೆ. ಅವಳಿಗೆ ಹೇಳಿದ್ದನ್ನೇ ಈಗ ತಮಗೂ ಹೇಳುತ್ತೇನೆ.

ಚೆಂಡು ದಾಟಿತ್ತು, ಮಾನ್ಯರೇ. ನಾನು ಹಿಡಿಯುವ ಹೊತ್ತಿಗೆ ಅದು ಪೂರ್ತಿ ಒಳಗಿತ್ತು. ನನ್ನ ಗಲ್ಲ ಗೆರೆಯ ಸುಣ್ಣದ ಮೇಲಿತ್ತು, ತುಟಿಗೆ ಸುಣ್ಣದ ರುಚಿ ತಾಗಿತ್ತು, ನನ್ನ ಕೈಗಳು ಗೋಲಿನೊಳಗೆ ಚಾಚಿಕೊಂಡಿದ್ದವು, ಮತ್ತು ಸುಣ್ಣಕ್ಕೂ ಚೆಂಡಿಗೂ ನಡುವೆ ನಾಲ್ಕು ಬೆರಳಿನಷ್ಟು ಹುಲ್ಲು ಕಾಣುತ್ತಿತ್ತು. ಅಷ್ಟು ಹತ್ತಿರದಿಂದ ಹುಲ್ಲನ್ನು ನಾನು ಜೀವನದಲ್ಲಿ ನೋಡಿಲ್ಲ. ಒಂದು ಎಸಳು ಬಾಗಿತ್ತು. ಚೆಂಡನ್ನು ಎದೆಗೆಳೆದುಕೊಂಡು ಹೊರಕ್ಕೆ ಹೊರಳಿದೆ. ತಲೆ ಎತ್ತಿದಾಗ ಕಂಡದ್ದು ತಮ್ಮ ಕಣ್ಣುಗಳು. ಎರಡು ಕ್ಷಣ ಇರಬಹುದು. ಆಮೇಲೆ ಸೀಟಿ. ಸೀಟಿ ಕೇಳಿದ ಮೇಲೆಯೇ ನನ್ನ ಬಾಯಿ "ದಾಟಿಲ್ಲ!" ಎಂದು ಕೂಗಿತು. ನಾನು ಕೂಗಲಿಲ್ಲ ಎಂದು ಹೇಳುತ್ತಿಲ್ಲ. ಬಾಯಿ ಮೊದಲು ಕೂಗಿತು, ನಾನು ಹಿಂದಿನಿಂದ ಹೋಗಿ ಸೇರಿಕೊಂಡೆ. ಅಷ್ಟರಲ್ಲಿ ಕಂಬಣ್ಣ ತಮ್ಮ ಕಡೆ ಓಡಿಯಾಗಿತ್ತು.

ಮಾರನೆಯ ದಿನ ಬೆಳಿಗ್ಗೆ ಹೇಳಿಬಿಡಬೇಕೆಂದು ಬಾಗಿಲು ತೆಗೆದೆ. ಬಾಗಿಲಲ್ಲಿ ಐನೂರು ಜನ ನಿಂತಿದ್ದರು. ಮುಂದೆ ಚಿಕ್ಕಪ್ಪ. ನನ್ನನ್ನು ಹೆಗಲ ಮೇಲೆ ಎತ್ತಿಕೊಂಡು ಕಾರ್ಖಾನೆಯ ಸುತ್ತ ಮೂರು ಸುತ್ತು ತಿರುಗಿಸಿದರು. ಹೆಗಲ ಮೇಲಿಂದ ನಿಜ ಹೇಳುವುದು ನೆಲದ ಮೇಲಿಂದ ಹೇಳಿದಷ್ಟು ಸುಲಭವಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಿದ್ದಂತೆ ಅಂಗಡಿಯಾಯಿತು, ಮದುವೆಯಾಯಿತು, ಮಕ್ಕಳಾದವು. ಅಪ್ಪ ಗೋಲು ಬಿಡಲಿಲ್ಲ ಎಂದು ಆ ಮಕ್ಕಳು ಶಾಲೆಯಲ್ಲಿ ಜಗಳವಾಡಿ ಬಂದವು.

ನನ್ನ ಹೆಂಡತಿ ಎಲ್ಲ ಕೇಳಿ, "ಕಂಬಣ್ಣಂಗೆ ಗೊತ್ತಾ?" ಎಂದು ಕೇಳಿದಳು. ನಾನು ಇಲ್ಲವೆಂದೆ. "ಮೊದ್ಲು ಅಲ್ಲಿಗೆ ಹೋಗಿ. ಆಮೇಲೆ ಊಟ" ಎಂದಳು.

ಕಂಬಣ್ಣ ಈಗ ಮೈದಾನ ನೋಡಿಕೊಳ್ಳುತ್ತಾರೆ. ಆಟ ಬಿಟ್ಟ ಮೇಲೆ ಅವರಿಗೆ ಕ್ಲಬ್ ಕೊಟ್ಟ ಕೆಲಸ ಅದು. ಹೋದಾಗ ಸುಣ್ಣದ ತಳ್ಳುಗಾಡಿ ಹಿಡಿದು ಗೋಲಿನ ಮುಂದೆ ಗೆರೆ ಎಳೆಯುತ್ತಿದ್ದರು.

"ಕಂಬಣ್ಣ, ಆ ಚೆಂಡು ದಾಟಿತ್ತು" ಎಂದೆ.

"ಯಾವ ಚೆಂಡು?" ಎಂದರು, ನಮ್ಮ ಊರಿನಲ್ಲಿ ಇನ್ನೊಂದು ಚೆಂಡು ಇದೆಯೇನೋ ಎಂಬಂತೆ.

"ಅದೇ."

ತಳ್ಳುಗಾಡಿ ನಿಂತಿತು. ನಿಂತ ಕಡೆಯೇ ಸುಣ್ಣ ಸುರಿದು ಗುಡ್ಡೆಯಾಗುತ್ತಿತ್ತು, ಅವರು ನೋಡಲಿಲ್ಲ. "ಎಷ್ಟು?"

"ನಾಲ್ಕು ಬೆರಳು."

"ನಿನ್ನ ಬೆರಳೋ ನನ್ನ ಬೆರಳೋ?"

"ನನ್ನವು."

ಅವರು ತಮ್ಮ ಕೈಯನ್ನು ನೋಡಿಕೊಂಡರು. ಬಗ್ಗಿ, ಹಸಿ ಸುಣ್ಣದ ಪಕ್ಕದಲ್ಲಿ ಹುಲ್ಲಿನ ಮೇಲೆ ನಾಲ್ಕು ಬೆರಳು ಇಟ್ಟರು. "ಇಷ್ಟಾ?" ಎಂದರು. "ನೀನು ಕೂಗಿದೆಯಲ್ಲೋ, ದಾಟಿಲ್ಲ ಅಂತ. ನಾನು ಚೆಂಡು ನೋಡಲಿಲ್ಲ ಕಣೋ. ನಿನ್ನ ಮಾತು ಕೇಳಿದೆ, ಓಡಿದೆ. ನೀನು ಅಂದ್ಮೇಲೆ ನೋಡೋದೇನು ಅಂತ."

ನಾನು ತಪ್ಪಾಯಿತು ಎಂದೆ. ಆ ಪದ ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ ಇನ್ನೊಂದು ಸಲ ಹೇಳಬೇಕಾಯಿತು. ಅವರು ಎದ್ದು, ಮೊಣಕಾಲು ಉಜ್ಜಿಕೊಂಡು, "ಹೋಗು ಈಗ. ಸುಣ್ಣ ಹಾಳಾಯ್ತು" ಎಂದರು.

ಮೂರು ದಿನ ಬಿಟ್ಟು ಅಂಗಡಿಗೆ ಬಂದರು. ನಾನಿದ್ದೆ. ನನ್ನ ಕಡೆ ನೋಡದೆ ನನ್ನ ಹೆಂಡತಿಗೆ, "ತಂಗೀ, ಇವನಿಗೆ ಹೇಳು, ಆ ರೆಫರಿಗೆ ಕಾಗದ ಬರೀಲಿ. ಪೇಪರಲ್ಲಿ ಹಾಕ್ಲಿ, ಕದ್ದುಮುಚ್ಚಿ ಬೇಡ. ನಾನು ಅವರನ್ನ ಕೆಡವಿದ್ದು ತಪ್ಪು ಅಂತಾನೂ ಬರೀಲಿ. ಗೋಲಾಗಿದ್ರೂ ಅಷ್ಟೆ, ಆಗದಿದ್ರೂ ಅಷ್ಟೆ, ವಯಸ್ಸಲ್ಲಿ ದೊಡ್ಡೋರ ಎದೆಗೆ ಕೈ ಹಾಕಬಾರದಿತ್ತು" ಎಂದರು. ಬಾಗಿಲ ತನಕ ಹೋಗಿ ತಿರುಗಿ, "ನನ್ನ ಹತ್ರ ಮಾತಾಡೋಕೆ ಬರೋದು ಬೇಡ ಅಂತಾನೂ ಹೇಳು. ಇನ್ನೂ ಆಗಲ್ಲ" ಎಂದರು. ನಾನು ಎರಡು ಅಡಿ ದೂರದಲ್ಲಿ ನಿಂತಿದ್ದೆ. ನನ್ನ ಹೆಂಡತಿ ನನ್ನ ಕಡೆ ತಿರುಗಿ ಎಲ್ಲವನ್ನೂ ಅಕ್ಷರಶಃ ಇನ್ನೊಮ್ಮೆ ಹೇಳಿದಳು. ಅವರ ಕ್ಷಮಾಪಣೆಯನ್ನು ಈ ಮೂಲಕ ತಮಗೆ ತಲುಪಿಸಿದ್ದೇನೆ. ಅದು ನಿಜವಾದ ಕ್ಷಮಾಪಣೆ, ದಯವಿಟ್ಟು ಅದನ್ನು ತಮ್ಮದರ ಜೊತೆ ಬೆರೆಸಬೇಡಿ.

ಇಷ್ಟಾದ ಮೇಲೆ ಕ್ಲಬ್ಬಿನ ಸಭೆಯಲ್ಲಿ ಎದ್ದುನಿಂತು ಹೇಳಿದೆ. ಮೇಜಿನ ಮೇಲೆ ನನ್ನದೇ ಜೇಡಿಮಣ್ಣಿನ ಮಾದರಿ ಮಲಗಿತ್ತು. ಅದರ ತಲೆಯ ಮೇಲೆ ಕೈಯಿಟ್ಟು, ಪ್ರತಿಮೆ ಬೇಡ, ಚೆಂಡು ದಾಟಿತ್ತು, ನಾನೇ ಹಿಡಿದವನು, ನನಗೆ ಗೊತ್ತು ಎಂದೆ. ಗದ್ದಲವಾಗುತ್ತದೆ, ಹೊಡೆಯಲು ಬರುತ್ತಾರೆ ಎಂದುಕೊಂಡಿದ್ದೆ. ಒಂದು ಹೆಚ್ಚುವರಿ ಅಂಗಿಯನ್ನೂ ಚೀಲದಲ್ಲಿ ಇಟ್ಟುಕೊಂಡು ಹೋಗಿದ್ದೆ. ಅಧ್ಯಕ್ಷರು ಪ್ರೀತಿಯಿಂದ ನಕ್ಕರು. "ನೋಡಿ ಇವ್ರೇ, ನಿಮ್ಮ ವಿನಯ ನಮಗೆ ಅರ್ಥ ಆಗುತ್ತೆ. ಆದ್ರೆ ರೆಫರಿಯೇ ಗೋಲಲ್ಲ ಅಂದ್ಮೇಲೆ ಮುಗೀತಲ್ಲ. ಆಟದ ನಿಯಮ ಏನು ಹೇಳುತ್ತೆ? ರೆಫರಿ ತೀರ್ಮಾನವೇ ಅಂತಿಮ."

ಎಲ್ಲರೂ ತಲೆಯಾಡಿಸಿದರು. ಮಾನ್ಯರೇ, ಮೂವತ್ತನಾಲ್ಕು ವರ್ಷ ತಮ್ಮ ಒಂದು ತೀರ್ಮಾನವನ್ನು ಒಪ್ಪದೆ ಗಂಟಲು ಹರಿದುಕೊಂಡ ಜನ, ಒಂದೇ ಕ್ಷಣದಲ್ಲಿ, ಒಬ್ಬೊಬ್ಬರಾಗಿ, ರೆಫರಿಯ ಮಾತಿಗೆ ಎದುರಿಲ್ಲ ಎಂದರು. ನಾನು ಕೂಗಾಡಿದೆ. ಕೂಗಾಡಿದರೆ ಹಳದಿ ಕಾರ್ಡು ಕೊಡಬೇಕಾಗುತ್ತದೆಂದು ಯಾರೋ ತಮಾಷೆ ಮಾಡಿದರು. ಚಿಕ್ಕಪ್ಪ ಮೂಲೆಯಿಂದ, "ಲೋ ಮಗಾ, ನೀನು ಬಿದ್ದಿದ್ದೆ. ಬಿದ್ದೋನಿಗೆ ಗೆರೆ ಎಲ್ಲಿ ಕಾಣ್ಸುತ್ತೆ? ನಾನು ಮೇಲಿನ ಮೆಟ್ಟಿಲಲ್ಲಿದ್ದೆ, ನಾನು ನೋಡಿದೀನಿ" ಎಂದರು. ನಿರ್ಣಯ ಸರ್ವಾನುಮತದಿಂದ ಪಾಸಾಯಿತು. ನಾನು ಕೈ ಎತ್ತಿಲ್ಲವೆಂದು ಹೇಳಿದ್ದಕ್ಕೆ, ಪ್ರತಿಮೆಯಾಗುವವರಿಗೆ ಮತವಿಲ್ಲ ಎಂದರು.

ಹೊರಗೆ ಬಂದಾಗ ಚಿಕ್ಕಪ್ಪ ನನ್ನ ಮೊಣಕೈ ಹಿಡಿದುಕೊಂಡು ರಸ್ತೆಯ ತಿರುವಿನ ತನಕ ನಡೆದರು. ಅಲ್ಲಿ ನಿಂತು, ಯಾರೂ ಇಲ್ಲವೆಂದು ನೋಡಿಕೊಂಡು, "ನಿಜವಾಗ್ಲೂ?" ಎಂದರು.

"ಹೂಂ ಚಿಕ್ಕಪ್ಪ. ನಾಲ್ಕು ಬೆರಳು."

"ಹಾಗಾದ್ರೆ ನಾನು ಇಷ್ಟು ವರ್ಷ ಏನು ಕೂಗಿದೆ?"

ಉತ್ತರಕ್ಕೆ ಕಾಯಲಿಲ್ಲ. ಎಪ್ಪತ್ತನಾಲ್ಕು ವರ್ಷದ ಮನುಷ್ಯ, ಕುತ್ತಿಗೆ ಸವರಿಕೊಳ್ಳುತ್ತ, ಮನೆ ಕಡೆ ಹೋದರು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ವಿನಮ್ರ ಕೋರಿಕೆ ಏನೆಂದರೆ, ತಾವು ತಮ್ಮ ಕ್ಷಮಾಪಣೆಯನ್ನು ಅದೇ ರೇಡಿಯೋದಲ್ಲಿ, ಅದೇ ಹೊತ್ತಿಗೆ, ಸಾಧ್ಯವಾದರೆ ಅದೇ ಹೆಣ್ಣುಮಗಳ ಎದುರು ಬೇಷರತ್ತಾಗಿ ಹಿಂತೆಗೆದುಕೊಳ್ಳಬೇಕು. ನನ್ನ ಮಾತಿಗೆ ಈ ಊರಿನಲ್ಲಿ ಬೆಲೆಯಿಲ್ಲ, ತಮ್ಮ ಮಾತಿಗೆ ಈಗ ತಾನೇ ಬಂದಿದೆ, ಅದು ಹೋಗುವ ಮೊದಲು ಉಪಯೋಗಿಸಬೇಕು. ಅನಾವರಣಕ್ಕೆ ಬರುವುದಾದರೆ ಹಾರ ಹಾಕಿಸಿಕೊಳ್ಳಲು ಕುತ್ತಿಗೆಯನ್ನಷ್ಟೇ ತರದೆ ಸೀಟಿಯನ್ನೂ ತನ್ನಿ. ಬಟ್ಟೆ ಸರಿದ ಕೂಡಲೇ, ಭಾಷಣಗಳು ಶುರುವಾಗುವ ಮೊದಲು, ಒಮ್ಮೆ ಜೋರಾಗಿ ಊದಿ ಮಧ್ಯದ ವೃತ್ತದ ಕಡೆ ಕೈ ತೋರಿಸಿ. ಮೂವತ್ತನಾಲ್ಕು ವರ್ಷ ತಡವಾದ ಸೀಟಿಗೆ ನಿಯಮದಲ್ಲಿ ಅವಕಾಶವಿಲ್ಲವೆಂದು ಫುಟ್ಬಾಲ್ ಮಂಡಳಿ ತಕರಾರು ತೆಗೆದರೆ, ಅದನ್ನು ಹೆಚ್ಚುವರಿ ಸಮಯವೆಂದು ಪರಿಗಣಿಸಲು ನಾನು ಪ್ರತ್ಯೇಕವಾಗಿ ಅರ್ಜಿ ಹಾಕುತ್ತೇನೆ. ಆ ದಿನ ಅಗತ್ಯವಿದ್ದರೆ ಪ್ರತಿಮೆಯ ಪಕ್ಕದಲ್ಲಿ ನಾನೂ ಮಲಗಲು ಸಿದ್ಧ. ಮಲಗುವುದು ನನ್ನಿಂದ ಸಾಧ್ಯ, ಎಬ್ಬಿಸುವ ವ್ಯವಸ್ಥೆಯನ್ನು ಕ್ಲಬ್ ಮಾಡಬೇಕು.

ಇನ್ನೊಂದು ಮಾತು. ಮುಖ ನೋಡಿ ಗೋಲು ಕೊಡಬಾರದೆಂದು ತಾವು ಹೇಳಿದಿರಿ. ನಿಯಮಪುಸ್ತಕದ ಮಟ್ಟಿಗೆ ಅದು ಸರಿಯಿರಬಹುದು. ಆ ದಿನ ಮೈದಾನದ ಸುತ್ತ ಒಂಬತ್ತು ಸಾವಿರ ಜನರಿದ್ದರು, ಎಲ್ಲರೂ ನನ್ನವರು, ನನ್ನನ್ನು ಹುಟ್ಟಿದಂದಿನಿಂದ ಬಲ್ಲವರು. ಅವರೆಲ್ಲ ನಾನು ಹೇಳಿದ್ದನ್ನು ಕೇಳಿದರು. ಎಂದೂ ನೋಡಿರದ, ಮತ್ತೆಂದೂ ನೋಡದ ತಾವೊಬ್ಬರು ಮಾತ್ರ, ಎರಡು ಕ್ಷಣದಲ್ಲಿ, ನನ್ನ ಮುಖದಲ್ಲಿದ್ದುದನ್ನು ಓದಿದಿರಿ. ಅದಕ್ಕಾಗಿ ಕೆಲಸ ಕಳೆದುಕೊಂಡಿರಿ, ಬೈಗುಳ ತಿಂದಿರಿ, ಕೊನೆಗೆ ತಮ್ಮ ಓದಿನ ಮೇಲೇ ತಮಗೆ ಅನುಮಾನ ಬಂತು. ಆ ಅನುಮಾನ ಬೇಡ. ತಾವು ಸರಿಯಾಗಿ ಓದಿದಿರಿ. ಗೋಲು.

ಬಹಳ ತಡವಾಗಿಯಾದರೂ
ತಮ್ಮ ವಿಶ್ವಾಸಿ,
ಗೋಲು ಬಿಟ್ಟ ಗೋಲ್‌ಕೀಪರ್

ತಾ.ಕ.: ಅದೇ ಪಂದ್ಯದ ಮೂವತ್ತೊಂದನೆಯ ನಿಮಿಷದಲ್ಲಿ ಎಡಬದಿಯಲ್ಲಿ ಚೆಂಡು ಹೊರಹೋದಾಗ ತಾವು ಥ್ರೋವನ್ನು ಎದುರಿನವರಿಗೆ ಕೊಟ್ಟಿರಿ. ಅದು ಅವರ ಕಾಲಿಗೇ ತಗುಲಿ ಹೋಗಿತ್ತು. ಈ ಬಗ್ಗೆ ನನಗೆ ಆಗಲೂ ಸಂಶಯವಿರಲಿಲ್ಲ, ಈಗಲೂ ಇಲ್ಲ, ಬೇಕಾದರೆ ಮುಖ ತೋರಿಸಲು ಬರುತ್ತೇನೆ. ನಿನ್ನೆ ಈ ವಿಷಯ ಹೇಳಿದಾಗ ಚಿಕ್ಕಪ್ಪ ಎಣ್ಣೆಯ ಡಬ್ಬಿ ಕೆಳಗಿಟ್ಟು ಎದ್ದುನಿಂತು "ಹೌದಲ್ವಾ!" ಎಂದರು; ಇಂದು ಬೆಳಿಗ್ಗೆಯಿಂದ ಜಗಲಿಯಲ್ಲಿ "ಥ್ರೋ ನಮ್ದು! ಥ್ರೋ ನಮ್ದು!" ಎಂದು ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ, ಬೀದಿಯವರು ಆಗಲೇ ಒಬ್ಬೊಬ್ಬರಾಗಿ ಸೇರುತ್ತಿದ್ದಾರೆ. ಈ ಥ್ರೋವಿನ ಬಗ್ಗೆ ತಾವು ಬದುಕಿರುವವರೆಗೂ ದಯವಿಟ್ಟು ಕ್ಷಮೆ ಕೇಳಬಾರದೆಂದು ಊರಿನ ಪರವಾಗಿ ಪ್ರಾರ್ಥನೆ.